ದಾಳ ಯಾರದ್ದಾದರೂ ಆಗಲಿ, ಮಾತು ನಮ್ಮದಾಗಲಿ!

ಪರದೆ ಇಲ್ಲ. ಜಾಯ್‌ಸ್ಟಿಕ್ ಇಲ್ಲ. ಕರೆಂಟು ಹೋದರೂ ಮೇಣದಬತ್ತಿ ಹಚ್ಚಿಕೊಂಡು ಆಡಬಹುದು. ಒಂದು ಮೇಜು, ನಾಲ್ಕೈದು ಕುರ್ಚಿ, ಪೆನ್ಸಿಲು, ಚೌಕುಳಿ ಹಾಳೆ, ಒಂದು ಹಿಡಿ ದಾಳ. ಮಿಕ್ಕಿದ್ದೆಲ್ಲ ಬಾಯಿಮಾತು! ಆ ಮಾತಿನಲ್ಲೇ ಪಾಳುಕೋಟೆ ಏಳುತ್ತದೆ, ಅದರ ಕೆಳಗೆ ಸುರಂಗ ತೆರೆದುಕೊಳ್ಳುತ್ತದೆ, ಸುರಂಗದ ಕೊನೆಯಲ್ಲಿ ನಿಧಿಯ ಮೇಲೆ ಮಲಗಿದ ಡ್ರ್ಯಾಗನ್ ಕಣ್ಣು ಬಿಡುತ್ತದೆ. ಇದೇ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 2016ರಲ್ಲಿ ಶುರುವಾದ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ನಾಲ್ವರು ಹುಡುಗರು ಮನೆಯ ನೆಲಮಾಳಿಗೆಯಲ್ಲಿ ಕೂತು ಕಿರುಚಾಡುತ್ತ ಆಡುತ್ತಾರಲ್ಲ, ಅದೇ ಆಟ.

'ಕನ್ನಡದ ಪತ್ರಿಕೆಗೆ ಡ್ರ್ಯಾಗನ್ ಉಸಾಬರಿ ಯಾಕಪ್ಪಾ? ನೀರು, ಗಡಿ, ನೌಕರಿ, ಇವೆಲ್ಲ ಮುಗಿದವೇ?' ಎಂದು ಹಿರಿಯರು ಹುಬ್ಬು ಗಂಟಿಕ್ಕಬಹುದು. ಮುಗಿದಿಲ್ಲ ಸ್ವಾಮಿ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳಿ. ಬೆಂಗಳೂರಿನ ನಮ್ಮ ಹುಡುಗ ಹುಡುಗಿಯರು ಅಮ್ಮನ ಹತ್ತಿರ ಕನ್ನಡ ಆಡುತ್ತಾರೆ. ಸೊಪ್ಪಿನವಳ ಹತ್ತಿರ, ಆಟೋದವನ ಹತ್ತಿರ ಕನ್ನಡ ಆಡುತ್ತಾರೆ. ಅವರೇ ರಾಜನಾಗಬೇಕಾದರೆ, ಕಳ್ಳನಾಗಬೇಕಾದರೆ, ಮಾಟಗಾತಿಯಾಗಬೇಕಾದರೆ ಯಾವ ಭಾಷೆಗೆ ಹೋಗುತ್ತಾರೆ? ಈ ನಗರದಲ್ಲಿ ಈ ಆಟ ಆಡುವ ಗುಂಪುಗಳಿವೆ. ಮೇಜಿನ ಸುತ್ತ ಕೂತವರಲ್ಲಿ ಮೂವರ ಮನೆಮಾತು ಕನ್ನಡವಾಗಿದ್ದರೂ ದಾಳ ಉರುಳುವ ಹೊತ್ತಿಗೆ ನಾಲಿಗೆ ಬಹುತೇಕ ಇಂಗ್ಲಿಷಿಗೆ ಹೊರಳಿರುತ್ತದೆ. ತರಕಾರಿಗೆ ಒಂದು ಭಾಷೆ, ಕನಸಿಗೆ ಇನ್ನೊಂದು! ಬೋರ್ಡಿನ ಮೇಲೆ ಕನ್ನಡ ಇಲ್ಲದಿದ್ದರೆ ಕಣ್ಣಿಗೆ ಕಾಣುತ್ತದೆ, ಜಗಳ ಆಡಬಹುದು. ಕಲ್ಪನೆಯ ಒಳಮನೆಯಿಂದ ಕನ್ನಡ ಖಾಲಿಯಾದರೆ ಯಾವ ಕಚೇರಿಯ ಮುಂದೆ ಧರಣಿ ಕೂರುತ್ತೀರಿ?

ಅದಕ್ಕೇ ಈ ಆಟದ ಮಾತು.

ಪಂಜು ಆರುವ ಮುನ್ನ

ಮೊದಲು ಆಟ ಹೇಗೆ ನಡೆಯುತ್ತದೆ, ನೋಡೋಣ. ಈ ಆಟಕ್ಕೆ ಹಲವು ಆವೃತ್ತಿಗಳಿವೆ. 1981ರಲ್ಲಿ ಟಾಮ್ ಮೋಲ್ಡ್‌ವೇ ಸಂಪಾದಿಸಿದ 64 ಪುಟಗಳ ಬೇಸಿಕ್ ಪುಸ್ತಿಕೆ ಕಲಿಯುವವರಿಗೆ ಸಲೀಸು. ಗುಂಪಿನಲ್ಲಿ ಒಬ್ಬ ಡಂಜನ್ ಮಾಸ್ಟರ್. ಸುರಂಗದ ನಕ್ಷೆ ಅವನೊಬ್ಬನಿಗೇ ಗೊತ್ತು. ಉಳಿದವರು ಒಂದೊಂದು ಪಾತ್ರ. ಒಬ್ಬ ಕತ್ತಿವೀರ, ಒಬ್ಬ ಕಳ್ಳ, ಒಬ್ಬಳು ಮಂತ್ರಗಾತಿ, ಇನ್ನೊಬ್ಬ ಡ್ವಾರ್ಫ್ ಎಂಬ ಕುಳ್ಳ ಜನಾಂಗದವನು. ಈ ಕುಳ್ಳ ಕತ್ತಲಲ್ಲೂ 60 ಅಡಿ ದೂರ ಕಾಣಬಲ್ಲವನು. ಈ ಪುಸ್ತಿಕೆಯ ನಿಯಮ ಹಿಡಿದು ಒಂದು ಸಂಜೆ ಕನ್ನಡದಲ್ಲಿ ಆಡಿದರೆ ಹೀಗಿರುತ್ತದೆ:

'ಮೆಟ್ಟಿಲು ಮುಗೀತು. ಮುಂದೆ ಹತ್ತಡಿ ಅಗಲದ ಓಣಿ. ಗೋಡೆ ಒದ್ದೆ. ಬಾವಲಿ ನಾತ. ಎಡಗಡೆ ಒಂದು ಮರದ ಬಾಗಿಲು. ಏನ್ ಮಾಡ್ತೀರಾ?'

'ಒದೀತೀನಿ!' ಕತ್ತಿವೀರನಿಗೆ ಯಾವಾಗಲೂ ಅವಸರ.

'ಲೋ ಮಗಾ, ಸುಮ್ನಿರೋ. ಕುಳ್ಳ ಮೊದ್ಲು ಕಿವಿ ಇಡ್ಲಿ.'

ಕುಳ್ಳ ಆರು ಮುಖದ ದಾಳ ಉರುಳಿಸುತ್ತಾನೆ. ಒಂದು ಅಥವಾ ಎರಡು ಬಿದ್ದರೆ ಒಳಗಿನ ಸದ್ದು ಕೇಳುತ್ತದೆ. ಮನುಷ್ಯನಾದರೆ ಒಂದೇ ಬೀಳಬೇಕು. ಎರಡು ಬಿತ್ತು. 'ಒಳಗೆ ಐದಾರು ಜನ. ಕೀರಲು ದನಿ. ಪಾಲಿನ ವಿಷಯಕ್ಕೆ ಕಚ್ಚಾಡ್ತಿದಾರೆ. ಗಾಬ್ಲಿನ್ ಭಾಷೆ.'

ಈಗ ಲೆಕ್ಕ ಹಾಕಿ. ಸುರಂಗದಲ್ಲಿ ಒಂದು ಸುತ್ತು ಎಂದರೆ ಹತ್ತು ನಿಮಿಷ. ಒಂದು ಪಂಜು ಉರಿಯುವುದು ಆರು ಸುತ್ತು. ಪ್ರತಿ ಎರಡು ಸುತ್ತಿಗೊಮ್ಮೆ ಮಾಸ್ಟರ್ ದಾಳ ಹಾಕುತ್ತಾನೆ. ಒಂದು ಬಿದ್ದರೆ ಕತ್ತಲಲ್ಲಿ ಅಲೆಯುತ್ತಿರುವ ಯಾವುದೋ ಪ್ರಾಣಿ ಎದುರಾಗುತ್ತದೆ. ನಿಂತು ಚರ್ಚೆ ಮಾಡಿದಷ್ಟೂ ಪಂಜು ಸವೆಯುತ್ತದೆ. ಮಂತ್ರಗಾತಿಯ ಬಳಿ ಇರುವುದು ಒಂದೇ ಮಂತ್ರ. ಅವಳ ಪ್ರಾಣದ ಅಂಕ ಹೆಚ್ಚೆಂದರೆ ನಾಲ್ಕರ ಆಸುಪಾಸು. ಒಂದು ಒಳ್ಳೆಯ ಏಟು ಬಿದ್ದರೆ ಕಥೆ ಮುಗಿಯಿತು. ಹಾಗಾದರೆ ಬಾಗಿಲು ಒದೆಯುವುದೋ, ತಟ್ಟುವುದೋ?

ತಟ್ಟುತ್ತಾರೆ. ಬಾಗಿಲು ತೆರೆಯುತ್ತದೆ. ಗಾಬ್ಲಿನ್‌ಗಳು ಹಲ್ಲು ಕಿರಿಯುತ್ತವೆ. ಇಲ್ಲೇ ಆಟದ ಜಾಣತನ ಇರುವುದು. ಎದುರಾದದ್ದೆಲ್ಲ ಮೈಮೇಲೆ ಬೀಳಬೇಕೆಂದಿಲ್ಲ. ಮಾಸ್ಟರ್ ಎರಡು ದಾಳ ಹಾಕುತ್ತಾನೆ. ಎರಡು ಬಿದ್ದರೆ ಕೂಡಲೇ ಹೊಡೆದಾಟ. ಹನ್ನೆರಡು ಬಿದ್ದರೆ ಕೂಡಲೇ ಗೆಳೆತನ. ನಡುವೆ ಬಿದ್ದರೆ ಅನುಮಾನ, ಹಿಂಜರಿಕೆ, ಚೌಕಾಸಿ. ಬಿದ್ದದ್ದು ಏಳು. ಅವು ಗೊಂದಲದಲ್ಲಿವೆ. ಕುಳ್ಳ ಅವರದೇ ಭಾಷೆಯಲ್ಲಿ ಶುರು ಮಾಡುತ್ತಾನೆ: 'ಅಣ್ಣಂದಿರಾ, ನಿಮ್ಮ ಮೇಲೆ ನಮಗೇನೂ ಹಗೆ ಇಲ್ಲ. ಆದ್ರೆ ಒಂದು ಮಾತು ಕೇಳ್ತೀನಿ. ನಿಮ್ಮ ದೊರೆ ನಿಮಗೆ ಪಾಲು ಕೊಟ್ಟು ಎಷ್ಟು ದಿನ ಆಯ್ತು?'

ಗಾಬ್ಲಿನ್‌ಗಳು ಮುಖ ಮುಖ ನೋಡಿಕೊಳ್ಳುತ್ತವೆ. ಮೇಜಿನ ಸುತ್ತ ಇರುವವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅರ್ಧ ತಾಸಿನಲ್ಲಿ ಸುರಂಗದೊಳಗೆ ಒಂದು ಕಾರ್ಮಿಕ ಸಂಘ ಹುಟ್ಟಿಕೊಂಡಿರುತ್ತದೆ!

ಹೊಡೆದಿದ್ದರೆ ಏನು ಸಿಗುತ್ತಿತ್ತು? ಒಂದು ಗಾಬ್ಲಿನ್ ಕೊಂದರೆ ಅನುಭವದ ಅಂಕ ಬರೀ 5. ಒಂದು ಚಿನ್ನದ ನಾಣ್ಯ ಹೊತ್ತು ಹೊರಗೆ ತಂದರೆ ಒಂದು ಅಂಕ. ನೂರು ತಂದರೆ ನೂರು. ಅಂದರೆ ಈ ನಿಯಮಗಳಲ್ಲಿ ಕತ್ತಿಗಿಂತ ಬುದ್ಧಿಗೆ ಬೆಲೆ, ಬುದ್ಧಿಗಿಂತ ಬಾಯಿಗೆ ಬೆಲೆ. ಇಂಥ ಆಟದಲ್ಲಿ ಬಾಯಿಯನ್ನೇ ಎರವಲು ತಂದರೆ ಹೇಗೆ? ಆ 'ಪಾಲು ಕೊಟ್ಟು ಎಷ್ಟು ದಿನ ಆಯ್ತು' ಅನ್ನುವ ಕೊಂಕನ್ನು ಎರಡನೆಯ ಭಾಷೆಯಲ್ಲಿ, ಅಷ್ಟೇ ತಟಕ್ಕನೆ, ಅಷ್ಟೇ ಖಾರವಾಗಿ ಹೇಳಲು ಎಷ್ಟು ಜನಕ್ಕೆ ಬರುತ್ತದೆ?

'ಕಾಮನ್' ಎಂಬ ಭಾಷೆ

ಇನ್ನೊಂದು ಸ್ವಾರಸ್ಯ ಕೇಳಿ. ಭಾಷೆಯ ಪ್ರಶ್ನೆಯನ್ನು ನಾವು ಹೊರಗಿನಿಂದ ತಂದು ಈ ಆಟದ ಮೇಲೆ ಹೇರುತ್ತಿಲ್ಲ. ಅದು ನಿಯಮದ ಪುಸ್ತಕದಲ್ಲೇ ಇದೆ.

ಈ ಕಾಲ್ಪನಿಕ ಲೋಕದಲ್ಲಿ 'ಕಾಮನ್' ಎಂಬ ಸಂಪರ್ಕ ಭಾಷೆ ಇದೆ. ಮನುಷ್ಯರಲ್ಲಿ ಹೆಚ್ಚಿನವರಿಗೆ ಅದು ಬರುತ್ತದೆ. ಆದರೆ 1974ರ ಮೊದಲ ಪುಸ್ತಿಕೆಯೇ ಹೇಳುತ್ತದೆ: ಮಾತು ಬಲ್ಲ ಉಳಿದ ಜೀವಿಗಳಿಗೆಲ್ಲ ತಮ್ಮ ತಮ್ಮದೇ ಭಾಷೆ ಇದೆ, ಅವುಗಳಲ್ಲಿ ಶೇಕಡ 20ಕ್ಕೆ ಮಾತ್ರ ಕಾಮನ್ ಕೂಡ ಗೊತ್ತು. ಅಂದರೆ ನೂರಕ್ಕೆ ಎಂಬತ್ತು ಜೀವಿಗಳ ಜೊತೆ ಮಾತಾಡಬೇಕಾದರೆ ನೀವು ಅವರ ಭಾಷೆ ಕಲಿತಿರಬೇಕು! 1981ರ ಪುಸ್ತಿಕೆಯಲ್ಲಿ ಕುಳ್ಳನಿಗೆ ತನ್ನ ಭಾಷೆಯ ಜೊತೆಗೆ ನೋಮ್, ಕೋಬಾಲ್ಡ್, ಗಾಬ್ಲಿನ್ ಭಾಷೆಗಳೂ ಬರುತ್ತವೆ. ಎಲ್ಫ್‌ಗೆ ಆರ್ಕ್, ನೋಲ್, ಹಾಬ್‌ಗಾಬ್ಲಿನ್ ಭಾಷೆಗಳು. ಬುದ್ಧಿಯ ಅಂಕ 13 ಆದರೆ ಹೆಚ್ಚುವರಿ ಒಂದು ಭಾಷೆ, 18 ಮುಟ್ಟಿದರೆ ಮೂರು.

ಯಾಕೆ ಹೀಗೆ? ಪಕ್ಕದ ಮನೆಯವರ ಭಾಷೆ ಬಲ್ಲವನು ಸುರಂಗದಿಂದ ಜೀವಂತ ಹೊರಬರುತ್ತಾನೆ ಅಂತ. 'ಎಲ್ಲರಿಗೂ ಕಾಮನ್ ಬರುತ್ತದೆ ಬಿಡು' ಅಂದುಕೊಂಡು ಒಳಹೊಕ್ಕವನು ಮೊದಲ ಬಾಗಿಲಲ್ಲೇ ಹೆಣವಾಗುತ್ತಾನೆ. ಸಂಪರ್ಕ ಭಾಷೆಯೊಂದಿದ್ದರೆ ಸಾಕು, ಬೇರೆ ಭಾಷೆ ಯಾಕೆ ಎಂದು ನಮಗೆ ಉಪದೇಶ ಮಾಡುವ ಮಹಾಶಯರು ಈ ಪುಸ್ತಕವನ್ನು ಒಮ್ಮೆ ಓದಲಿ. ಊರಿಗೆ ಬಂದು ಊರ ಭಾಷೆ ಕಲಿಯದವನ ಗತಿ ಏನೆಂದು ಗಾಬ್ಲಿನ್‌ಗಳೇ ಹೇಳಿಕೊಡುತ್ತವೆ!

ಎಲ್ಲಿಂದ ಬಂತು, ಯಾರು ತಮ್ಮದಾಗಿಸಿಕೊಂಡರು?

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಒಂದು ಸಣ್ಣ ಊರು. ಅಲ್ಲಿನ ಗ್ಯಾರಿ ಗೈಗ್ಯಾಕ್ಸ್ ವಿಮಾ ಕಂಪನಿಯ ಕೆಲಸ ಕಳೆದುಕೊಂಡು ಹೊಟ್ಟೆಪಾಡಿಗೆ ಶೂ ರಿಪೇರಿ ಮಾಡುತ್ತಿದ್ದ ಮನುಷ್ಯ. ಪಕ್ಕದ ಮಿನೆಸೋಟದ ಡೇವ್ ಆರ್ನೆಸನ್ 'ಬ್ಲ್ಯಾಕ್‌ಮೂರ್' ಎಂಬ ಕೋಟೆಯ ಕೆಳಗಿನ ಸುರಂಗಗಳಲ್ಲಿ ಗೆಳೆಯರನ್ನು ಅಲೆದಾಡಿಸುತ್ತಿದ್ದ. ಇಬ್ಬರೂ ಸೇರಿ ರೂಪಿಸಿದ ಆಟ 1974ರ ಜನವರಿಯಲ್ಲಿ ಹೊರಬಂತು. ಮೂರು ಪುಸ್ತಿಕೆ, ಒಂದು ಪೆಟ್ಟಿಗೆ, 10 ಡಾಲರ್ ಬೆಲೆ, ಬರೀ 1000 ಪ್ರತಿ. ಪೆಟ್ಟಿಗೆಗಳನ್ನು ಕೈಯಲ್ಲೇ ಜೋಡಿಸಿದರು. ದೊಡ್ಡ ಬಂಡವಾಳ ಇರಲಿಲ್ಲ, ಇದ್ದದ್ದು ಹುಚ್ಚು. 1980ರ ದಶಕದಲ್ಲಿ 'ಇದು ಸೈತಾನನ ಪೂಜೆ, ಮಕ್ಕಳು ಕೆಡುತ್ತಾರೆ' ಎಂದು ಅಲ್ಲಿನ ಕೆಲವರು ಹುಯಿಲೆಬ್ಬಿಸಿದರು. ಹುಯಿಲು ಅಡಗಿತು, ಆಟ ಉಳಿಯಿತು.

ನಮಗೆ ಬೇಕಾದ ಪಾಠ ಅಮೆರಿಕದ್ದಲ್ಲ. ಇಂಗ್ಲಿಷ್ ಮನೆಮಾತಲ್ಲದ ದೇಶಗಳು ಏನು ಮಾಡಿದವು, ಅದನ್ನು ನೋಡಿ.

ಸ್ವೀಡನ್ ನಮ್ಮ ಕರ್ನಾಟಕಕ್ಕಿಂತ ಎಷ್ಟೋ ಕಡಿಮೆ ಜನ ಇರುವ ದೇಶ. ಅಲ್ಲಿನವರಿಗೆ ಇಂಗ್ಲಿಷ್ ನಮಗಿಂತ ಚೆನ್ನಾಗಿಯೇ ಬರುತ್ತದೆ. ಆದರೂ 1982ರಲ್ಲೇ, ಇನ್ನೊಂದು ಅಮೆರಿಕನ್ ಕಂಪನಿಯ ನಿಯಮಗಳನ್ನು ಆಧಾರವಾಗಿಟ್ಟುಕೊಂಡು, 'ಡ್ರಾಕರ್ ಓಕ್ ದೇಮೂನರ್' ಎಂಬ ಆಟವನ್ನು ಸ್ವೀಡಿಷ್ ಭಾಷೆಯಲ್ಲಿ ತಂದರು. ಅಲ್ಲಿನ ಮಕ್ಕಳು ಸುರಂಗಕ್ಕೆ ಇಳಿದದ್ದು ತಮ್ಮ ಭಾಷೆಯ ಪಂಜು ಹಿಡಿದು.

ಜರ್ಮನಿಯದು ಇನ್ನೂ ಖಡಕ್. ಡಿ ಅಂಡ್ ಡಿಯ ಪರವಾನಗಿ ಕೈಗೂಡದಿದ್ದಾಗ ಪ್ರಕಾಶಕರು ಕೈಕಟ್ಟಿ ಕೂರಲಿಲ್ಲ. ಉಲ್ರಿಖ್ ಕೀಸೋ ಎಂಬವರಿಂದ ಹೊಸ ಆಟವನ್ನೇ ಬರೆಸಿದರು. 1984ರಲ್ಲಿ 'ದಾಸ್ ಶ್ವಾರ್ಟ್ಸ ಆವ್ಗ', ಅಂದರೆ 'ಕಪ್ಪು ಕಣ್ಣು', ಹೊರಬಂತು. ಅವೆಂಟೂರಿಯನ್ ಎಂಬ ಅದರ ಲೋಕ ನಾಲ್ಕು ದಶಕಗಳಿಂದ ಬೆಳೆಯುತ್ತಲೇ ಇದೆ. ತಮ್ಮ ನೆಲದಲ್ಲಿ ಅದು ಅಮೆರಿಕದ ಮೂಲವನ್ನೇ ಹಿಂದಿಕ್ಕಿತು.

ಜಪಾನಿನವರು ಮಾಡಿದ್ದು ಎಲ್ಲಕ್ಕಿಂತ ಸೊಗಸು. ಗ್ರೂಪ್ ಎಸ್‌ಎನ್‌ಇ ಎಂಬ ತಂಡ ಡಿ ಅಂಡ್ ಡಿ ಆಡಿತು. ಆಡಿದ ಮಾತುಗಳನ್ನೇ ಬರಹಕ್ಕಿಳಿಸಿ 1986ರಿಂದ 'ಕಾಂಪ್ಟಿಕ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿತು. ಅದಕ್ಕೆ 'ರಿಪ್ಲೇ' ಎಂದು ಹೆಸರು. ಓದುಗರು ಮುಗಿಬಿದ್ದರು. ಅದರಿಂದಲೇ 'ರೆಕಾರ್ಡ್ ಆಫ್ ಲೋಡಾಸ್ ವಾರ್' ಕಾದಂಬರಿಗಳು ಹುಟ್ಟಿದವು, ಅನಿಮೆ ಹುಟ್ಟಿತು. 1989ರಲ್ಲಿ ಅದೇ ತಂಡ 'ಸೋರ್ಡ್ ವರ್ಲ್ಡ್' ಎಂಬ ತನ್ನದೇ ಆಟ ತಂದಿತು. ಗೆಳೆಯರ ಹರಟೆ ಸಾಹಿತ್ಯದ ಒಂದು ಪ್ರಕಾರವಾಯಿತು! ಬ್ರೆಜಿಲ್‌ನವರು 1999ರಲ್ಲಿ ಒಂದು ಪತ್ರಿಕೆಯ ಪುಟಗಳಲ್ಲೇ 'ಟೊರ್ಮೆಂಟಾ' ಎಂಬ ಲೋಕ ಕಟ್ಟಿದರು, ಪೋರ್ಚುಗೀಸ್ ಭಾಷೆಯಲ್ಲಿ.

ಇವರ್‍ಯಾರೂ 'ನಮ್ಮ ಭಾಷೆಯಲ್ಲಿ ಇದೆಲ್ಲ ಆಗುತ್ತಾ?' ಎಂದು ಗಲ್ಲಕ್ಕೆ ಕೈಹಚ್ಚಿ ಕೂರಲಿಲ್ಲ.

ನಮ್ಮ ರಾಕ್ಷಸ ಅವರ ಪುಸ್ತಕದಲ್ಲಿ

ನಾವು ಕೂತಿದ್ದಾಗ ಅವರು ಸುಮ್ಮನಿದ್ದರೇ? 1977ರ 'ಮಾನ್ಸ್ಟರ್ ಮ್ಯಾನುಯಲ್' ಎಂಬ ಅವರ ಪುಸ್ತಕದಲ್ಲಿ 'ರಾಕ್ಷಸ' ಇದ್ದಾನೆ, ಅದೇ ಹೆಸರಿನಲ್ಲಿ. ಚಿತ್ರದಲ್ಲಿ ಅವನಿಗೆ ಹುಲಿಯ ತಲೆ, ಕೈಯಲ್ಲಿ ಪೈಪು! ಕುರ್ಚಿಯಲ್ಲಿ ಕೂತು ಹೊಗೆ ಎಳೆಯುತ್ತಿದ್ದಾನೆ. 1980ರ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಪುಸ್ತಕದಲ್ಲಿ ಇಂದ್ರ, ಅಗ್ನಿಯರಿಗೂ ಪ್ರಾಣದ ಅಂಕ, ಕವಚದ ಅಂಕ ಹಚ್ಚಿ ಸಾಲಾಗಿ ನಿಲ್ಲಿಸಿದ್ದಾರೆ. ಇದಕ್ಕೆ ನಮಗೆ ಸಿಟ್ಟಿಲ್ಲ, ನಗು ಬರುತ್ತದೆ. ಕಥೆಗಳು ಊರು ಬಿಟ್ಟು ಊರಿಗೆ ಹೋಗುವುದು ಲೋಕರೂಢಿ. ಆದರೆ ಅವರು ನಮ್ಮ ರಾಕ್ಷಸನನ್ನು ಕರೆದುಕೊಂಡು ಹೋಗಿ ಪೈಪು ಕೊಟ್ಟು ಕೂರಿಸಬಹುದಾದರೆ, ನಾವು ಅವರ ದಾಳ ತಂದು ಅದಕ್ಕೆ ಕನ್ನಡ ಕಲಿಸಬಾರದೇ?

ಕಲಿಸಲು ನಮ್ಮಲ್ಲಿ ಗುರುಗಳ ಕೊರತೆಯೂ ಇಲ್ಲ. ಕರಾವಳಿಯ ತಾಳಮದ್ದಳೆ ನೋಡಿದ್ದೀರಾ? ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪ್ರಸಂಗದ ಪದ್ಯ ಎತ್ತುತ್ತಾರೆ. ಅರ್ಥಧಾರಿಗಳು ಕೂತಲ್ಲೇ ಕರ್ಣನಾಗುತ್ತಾರೆ, ವಾಲಿಯಾಗುತ್ತಾರೆ. ಬಾಯಿಪಾಠದ ಸಂಭಾಷಣೆ ಇಲ್ಲ. ಎದುರಿನವನು ಎಸೆದ ಮಾತಿಗೆ ಆ ಕ್ಷಣದಲ್ಲಿ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಗಂಟೆಗಟ್ಟಲೆ ವಾದ ಕಟ್ಟಿ ಸಭೆಯನ್ನು ಹಿಡಿದಿಟ್ಟವರು. ಒಂದು ಇಂಗ್ಲಿಷ್ ಪದ ನುಸುಳಿದರೆ ಅದು ದೋಷ ಎನ್ನುವಷ್ಟು ಕಟ್ಟುನಿಟ್ಟು ಅಲ್ಲಿ. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್, ಅರ್ಥಧಾರಿಗಳ ಜಾಗದಲ್ಲಿ ಆಟಗಾರರು ಎಂದುಕೊಳ್ಳಿ. ದೊಡ್ಡ ವ್ಯತ್ಯಾಸ ಒಂದೇ. ಪ್ರಸಂಗದಲ್ಲಿ ಕರ್ಣ ಸಾಯಲೇಬೇಕು. ಇಲ್ಲಿ ಯಾರು ಸಾಯುತ್ತಾರೆಂದು ದಾಳ ಬೀಳುವವರೆಗೆ ಭಾಗವತನಿಗೂ ಗೊತ್ತಿಲ್ಲ. ಕೂತಲ್ಲೇ ಪಾತ್ರವಾಗಿ ಮಾತು ಹುಟ್ಟಿಸುವ ವಿದ್ಯೆ ಕನ್ನಡಕ್ಕೆ ಹೊಸತೆಂದು ಯಾರಾದರೂ ಹೇಳಿದರೆ ಅವರನ್ನು ಒಂದು ರಾತ್ರಿ ಉಡುಪಿಯ ಕಡೆ ಕರೆದುಕೊಂಡು ಹೋಗಿ.

ಕಂಪನಿ ಬಾಗಿದ ಕಥೆ

'ಪುಸ್ತಕ ಕಂಪನಿಯದ್ದು, ನಾವು ಅನುವಾದ ಮಾಡಿದರೆ ಕೇಸು ಹಾಕುತ್ತಾರೆ' ಎನ್ನುವವರು ಇದನ್ನು ಗಮನವಿಟ್ಟು ಓದಿ. ಗೈಗ್ಯಾಕ್ಸ್ ಕಟ್ಟಿದ ಸಂಸ್ಥೆಯನ್ನು 1997ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡಿತು. ಅದನ್ನು 1999ರಲ್ಲಿ ಆಟಿಕೆ ದೈತ್ಯ ಹ್ಯಾಸ್ಬ್ರೋ ನುಂಗಿತು. 2000ದಲ್ಲಿ ಆಟದ ತಿರುಳು ನಿಯಮಗಳನ್ನು ಯಾರು ಬೇಕಾದರೂ ಬಳಸಬಹುದೆಂಬ ಮುಕ್ತ ಪರವಾನಗಿ ಬಂದಿತ್ತು. ಅದನ್ನು ನಂಬಿ ಸಾವಿರಾರು ಜನ ಸಣ್ಣಪುಟ್ಟ ಪುಸ್ತಕ ಬರೆದು ಅನ್ನ ಕಂಡುಕೊಂಡಿದ್ದರು. 2023ರ ಜನವರಿಯಲ್ಲಿ ಕಂಪನಿಯ ಹೊಸ ಕರಡೊಂದು ಸೋರಿಕೆಯಾಯಿತು. ಹಳೆಯ ಪರವಾನಗಿ ರದ್ದು. ಏಳೂವರೆ ಲಕ್ಷ ಡಾಲರ್ ಮೀರಿದ ವಹಿವಾಟಿನ ಮೇಲೆ ಶೇಕಡ 25ರವರೆಗೆ ಕಪ್ಪ ಕಟ್ಟಬೇಕು!

ಆಟಗಾರರು ಕೆರಳಿದರು. ಯಾರೂ ಕಲ್ಲು ಹೊಡೆಯಲಿಲ್ಲ. ಕಂಪನಿಗೆ ತಿಂಗಳು ತಿಂಗಳು ಕಟ್ಟುತ್ತಿದ್ದ ಚಂದಾ ರದ್ದು ಮಾಡಿದರು. ಕಂಪನಿ ಅಭಿಪ್ರಾಯ ಕೇಳಿದಾಗ 15 ಸಾವಿರಕ್ಕೂ ಹೆಚ್ಚು ಜನ ಮುಖಕ್ಕೆ ಹೊಡೆದಂತೆ ಬರೆದರು. ಅದೇ ತಿಂಗಳ 27ರಂದು ದೈತ್ಯ ಮಂಡಿಯೂರಿತು. ಹಳೆಯ ಪರವಾನಗಿ ಉಳಿಯಿತು. ಅಷ್ಟೇ ಅಲ್ಲ, ಸುಮಾರು 400 ಪುಟಗಳ ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಂದವು. ಮೂಲದ ಹೆಸರು ಹೇಳಿದರೆ ಸಾಕು. ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಬಹುದು, ಮಾರಲೂಬಹುದು. ಅದೇ ವರ್ಷ ಫ್ರೆಂಚ್, ಜರ್ಮನ್, ಇಟಾಲಿಯನ್, ಸ್ಪ್ಯಾನಿಷ್ ಅನುವಾದಗಳೂ ಹೊರಬಂದವು.

ಬಾಗಿಲಿಗೆ ಬೀಗ ಇಲ್ಲ ಗೆಳೆಯರೇ. ಚಿಲಕ ತೆಗೆದಿದೆ. ಹಸಿರು ಬಾವುಟ ಹಾರಿಸಿ ಕರೆಯಲು ಯಾರೂ ಬರುವುದಿಲ್ಲ, ನಾವೇ ತಳ್ಳಬೇಕು.

ನೆಪಗಳನ್ನು ಸುರಂಗದ ಹೊರಗೇ ಬಿಡಿ

'ಕನ್ನಡದಲ್ಲಿ ಪದ ಎಲ್ಲಿದೆ?' ಇದು ಮೊದಲ ನೆಪ. ಪಂಜು, ಸುರಂಗ, ಅಗಳಿ, ಗುರಾಣಿ, ಬತ್ತಳಿಕೆ, ಕಠಾರಿ, ಹೊಂಚು, ಸಂಚು, ಕನ್ನ, ಕಾವಲು, ಗರ, ದಾಳ. ಇಷ್ಟು ಸಾಲದೇ ಒಂದು ಕೋಟೆ ದೋಚಲು? ಹಿಟ್ ಪಾಯಿಂಟ್‌ಗೆ ಪದ ಹೊಳೆಯದಿದ್ದರೆ ಹಿಟ್ ಪಾಯಿಂಟ್ ಅನ್ನಿ. ವಿಕೆಟ್ಟನ್ನು ವಿಕೆಟ್ ಅಂದ ಮಾತ್ರಕ್ಕೆ ಕನ್ನಡದ ಕ್ರಿಕೆಟ್ ಕಾಮೆಂಟರಿ ಸತ್ತುಹೋಗಲಿಲ್ಲ. ನಿಘಂಟು ಹಿಡಿದು ಆಟ ಕೆಡಿಸುವ ಪಂಡಿತರು ನಮಗೆ ಬೇಡ. ಆಡುತ್ತ ಹೋದರೆ ಪದ ತಾನೇ ಹುಟ್ಟುತ್ತದೆ.

'ನಮ್ಮ ಗುಂಪಿನಲ್ಲಿ ಕನ್ನಡ ಬಾರದ ಒಬ್ಬ ಇದ್ದಾನೆ.' ಇದು ಎರಡನೆಯ ನೆಪ. ಅವನನ್ನು ಹೊರಗೆ ಹಾಕಿ ಎಂದು ನಾವು ಹೇಳುವುದಿಲ್ಲ. ದೂರದ ಕಾಡಿನಿಂದ ಬಂದ ಎಲ್ಫ್ ಪಾತ್ರವನ್ನು ಅವನಿಗೆ ಕೊಡಿ. ಅರ್ಧಂಬರ್ಧ ಕನ್ನಡ ಆಡುವುದೇ ಆ ಪಾತ್ರದ ಗುಣ ಎಂದುಬಿಡಿ. 'ಬಾಗಿಲು', 'ಓಡು', 'ಹಿಂದೆ ನೋಡು' ಎನ್ನುವ ಮಾತುಗಳನ್ನು ಅವನು ಒಂದೇ ಸಂಜೆಯಲ್ಲಿ ಕಲಿಯುತ್ತಾನೆ, ಪ್ರಾಣದ ಪ್ರಶ್ನೆಯಲ್ಲವೇ! ಮೂವತ್ತು ದಿನದಲ್ಲಿ ಕನ್ನಡ ಕಲಿಸುವ ಪುಸ್ತಕಕ್ಕಿಂತ ಇದು ಬೇಗ ಹತ್ತುತ್ತದೆ.

'ಮಾಸ್ಟರ್ ಆಗುವವರು ಯಾರು?' ಇದು ಮೂರನೆಯದು. ನಿಮ್ಮಲ್ಲಿ ಅಜ್ಜಿಯ ಕಥೆಗೆ ಕಿವಿಗೊಟ್ಟವರು, ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಇಡೀ ಸಿನಿಮಾ ಕಥೆಯನ್ನು ಕಣ್ಣಿಗೆ ಕಟ್ಟುವಂತೆ ಹೇಳುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಕೈಗೆ ನಕ್ಷೆ ಕೊಡಿ. ಸುರಂಗ ಇರುವ ಕೋಟೆ ಬೇಕೇ? ಚಿತ್ರದುರ್ಗ ಇದೆ, ಗುಪ್ತದ್ವಾರಗಳ ಸಮೇತ. ದೆವ್ವ ಬೇಕೇ? ಟ್ರೋಲ್ ಸಿಗದಿದ್ದರೆ ಕೊಳ್ಳಿದೆವ್ವ ಇದೆ, ಬ್ರಹ್ಮರಾಕ್ಷಸ ಇದ್ದಾನೆ.

ನಾಳಿನ ಶನಿವಾರ ನಾಲ್ಕು ಜನ ಸೇರಿ. ಮೊಬೈಲು ಮಗುಚಿಡಿ. ಆಡಿದ ಮಾತನ್ನು ಒಬ್ಬರು ಬರೆದಿಟ್ಟುಕೊಳ್ಳಿ. ಜಪಾನಿನವರ ಹಾಗೆ ನಾಳೆ ಅದೇ ಒಂದು ಪುಸ್ತಕವಾದೀತು. ಈ ಸುರಂಗದಲ್ಲಿ ಕನ್ನಡದ ಪಂಜು ಇನ್ನೂ ಯಾರೂ ಸರಿಯಾಗಿ ಹಚ್ಚಿಲ್ಲ. ಮೆಟ್ಟಿಲು ಮುಗಿದಿದೆ. ಎಡಗಡೆ ಒಂದು ಮರದ ಬಾಗಿಲು ಇದೆ.

ಏನ್ ಮಾಡ್ತೀರಾ?